ಲೆಕ್ಕದ ದಿನ, ಕಂಡ ದಿನ: ಚಾಕಿ ಕೇಂದ್ರದಲ್ಲಿ ಅಬ್ಸಿಡಿಯನ್ ಟೆಂಪ್ಲೇಟ್

ನೋಟ್ ಬರೆಯುವ ಆಪ್‌ನಲ್ಲಿ ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಮಾದರಿ ನೋಟ್, ಇದ್ದರೆ ಅದನ್ನು ದಿನಚರಿಗೋ ಆಫೀಸ್ ಮೀಟಿಂಗಿಗೋ ಬಳಸುವವರೇ ಹೆಚ್ಚು. ನಾನು ಬಳಸುವುದು ರೇಷ್ಮೆ ಹುಳುವಿನ ಲೆಕ್ಕಕ್ಕೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಮ್ಮದು ಚಾಕಿ (ಎಳೆಯ ಹುಳು) ಸಾಕಾಣಿಕೆ ಕೇಂದ್ರ. ಮೊಟ್ಟೆ ತಂದು, ಚಾಕಿ ಕಟ್ಟಿ, ಎರಡನೇ ಜ್ವರ ಎದ್ದ ಹುಳುವನ್ನು ಸುತ್ತಲಿನ ರೈತರಿಗೆ ಕೊಡುತ್ತೇವೆ. ರೇಷ್ಮೆ ಸಾಕುವುದನ್ನು ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ಹೀಗೆ ನಾಲ್ಕು ಜ್ವರ ದಾಟಿದ ಮೇಲೆ ವಾರದಷ್ಟು ದಿನ ಚೆನ್ನಾಗಿ ಸೊಪ್ಪು ತಿಂದು, ಹಣ್ಣಾಗಿ, ಅಂದರೆ ಗೂಡಿಗೆ ಸಿದ್ಧವಾಗಿ, ಗೂಡು ಕಟ್ಟುತ್ತದೆ.

ಹುಳು ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗಿಯಿತು ಅಂತ ನಾನು ಅಂದುಕೊಂಡವಳಲ್ಲ. ಗೂಡು ಮಾರುಕಟ್ಟೆಗೆ ಹೋಗುವ ತನಕ ಫೋನ್ ಬರುತ್ತಲೇ ಇರುತ್ತದೆ. "ಅಕ್ಕಾ, ಹುಳ ಜ್ವರಕ್ಕೆ ಕೂತಂಗೈತೆ, ಸೊಪ್ಪು ನಿಲ್ಲಿಸ್ಲಾ?" ಅಂತ ಒಬ್ಬರು, "ಚಂದ್ರಿಕೆ ಯಾವತ್ತಿಗೆ ಹೇಳಿಡ್ಲಿ ಅಕ್ಕಾ?" ಅಂತ ಇನ್ನೊಬ್ಬರು. ಚಂದ್ರಿಕೆ ಅಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟೆ. ಆ ರೈತರಿಗೆ ಯಾವ ಹುಳು, ಯಾವತ್ತು, ಯಾವ ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ಮೊಟ್ಟೆಯದು ಕೊಟ್ಟಿದ್ದೆ ಅನ್ನುವುದು ನನ್ನ ಕೈಯಲ್ಲಿರಬೇಕು. ಅದಕ್ಕೇ ಒಬ್ಬೊಬ್ಬರ ಒಂದೊಂದು ಬೆಳೆಗೂ ಒಂದು ನೋಟ್. ಬರೆಯುವ ಆಪ್ ಅಬ್ಸಿಡಿಯನ್, ಅದರೊಳಗೆ ಹಾಕಿಕೊಂಡಿರುವ ಪ್ಲಗಿನ್ (ಆಪ್‌ಗೆ ಹೆಚ್ಚುವರಿಯಾಗಿ ಸೇರಿಸುವ ತುಣುಕು) ಟೆಂಪ್ಲೇಟರ್. ಇವೆರಡನ್ನೂ ಚಾಕಿ ಹಂಚುವ ಗಡಿಬಿಡಿಯಲ್ಲಿ ಬಳಸಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಆ ಗಡಿಬಿಡಿ ಎಂಥದ್ದು ಅಂತ ಹೇಳಿದರೆ ಟೆಂಪ್ಲೇಟ್ ಯಾಕೆ ಬೇಕು ಅನ್ನುವುದು ಅರ್ಥವಾಗುತ್ತದೆ. ಹುಳು ಸಾಗಿಸಬೇಕಾದದ್ದು ತಂಪು ಹೊತ್ತಿನಲ್ಲಿ. ಬಿಸಿಲೇರುವ ಮುಂಚೆ ಎಲ್ಲರೂ ಬಂದು ನಿಲ್ಲುತ್ತಾರೆ, ಒಬ್ಬರು ಟಾಟಾ ಏಸ್ ತಂದಿರುತ್ತಾರೆ, ಇನ್ನೊಬ್ಬರು ಬೈಕಿನ ಹಿಂದೆ ಟ್ರೇ ಕಟ್ಟಿಕೊಳ್ಳುತ್ತಾರೆ. ನನ್ನ ಕೈಯೆಲ್ಲ ಸುಣ್ಣದ ಪುಡಿ. ಆ ಹೊತ್ತಿನಲ್ಲಿ ಫೋನ್ ಹಿಡಿದು ಹತ್ತು ಸಾಲು ಕನ್ನಡ ಟೈಪ್ ಮಾಡಲು ಆಗದು. ಹಳೆಯ ನೋಟ್ ಕಾಪಿ ಮಾಡಿ ತಿದ್ದೋಣ ಅಂದರೆ ತಿದ್ದಲು ಉಳಿದುಹೋದ ಹಳೆಯ ತಾರೀಖು ಹೊಸ ತಾರೀಖಿನ ಪಕ್ಕದಲ್ಲೇ ನಿಜವೆಂಬಂತೆ ಕೂತಿರುತ್ತದೆ. ಖಾಲಿ ಪುಟವೇ ಅದಕ್ಕಿಂತ ವಾಸಿ.

ಮೊದಲು ಆಪ್ ಬಗ್ಗೆ ಎರಡು ಮಾತು. ಅಬ್ಸಿಡಿಯನ್‌ನಲ್ಲಿ ಪ್ರತಿ ನೋಟೂ ನಮ್ಮ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇರುವ ಸಾದಾ ಪಠ್ಯದ ಫೈಲ್. ಆಪ್ ತೆಗೆದುಹಾಕಿದರೂ ಫೈಲನ್ನು ಬೇರೆ ಯಾವುದರಲ್ಲಾದರೂ ತೆರೆದು ಓದಬಹುದು. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ತಗಡಿನ ಚಾವಣಿಯ ಹುಳು ಮನೆಯೊಳಗೆ ಸಿಗ್ನಲ್ ಸಿಗದಿರುವಾಗ ಇದರ ಬೆಲೆ ನನಗೆ ಗೊತ್ತು. ಆಪ್ ಉಚಿತ. ವ್ಯಾಪಾರಕ್ಕೆ ಬಳಸುವವರು ಮೊದಲು ಲೈಸೆನ್ಸ್ ಕೊಳ್ಳಬೇಕಿತ್ತು, 2025ರ ಫೆಬ್ರವರಿಯಿಂದ ಅದು ಕಡ್ಡಾಯವಲ್ಲ. ಫೋನ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ನೋಟ್ ಸಿಗುವಂತೆ ಮಾಡುವ ಅವರದೇ ಸಿಂಕ್ ಸೇವೆಗೆ ದುಡ್ಡು ಕೊಡಬೇಕು.

ಆಪ್ ಜೊತೆಗೇ ಬರುವ ಟೆಂಪ್ಲೇಟ್ ಸೌಲಭ್ಯವೊಂದಿದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ಟೆಂಪ್ಲೇಟುಗಳಿಗೆ ಒಂದು ಫೋಲ್ಡರ್ ತೋರಿಸಿದರೆ ಆಯಿತು. ಮಾದರಿ ನೋಟ್‌ನಲ್ಲಿ ಎರಡೆರಡು ಹೂ ಆವರಣದ ನಡುವೆ ಇಂಗ್ಲಿಷಿನಲ್ಲಿ ಡೇಟ್ ಅಂತ ಬರೆದಿಟ್ಟರೆ, ಅದನ್ನು ಹೊಸ ನೋಟ್‌ಗೆ ಸೇರಿಸಿದ ಕ್ಷಣ ಅಲ್ಲಿ ಆ ದಿನದ ತಾರೀಖು ಬೀಳುತ್ತದೆ. ಟೈಮ್ ಅಂತ ಬರೆದರೆ ಗಂಟೆ, ಟೈಟಲ್ ಅಂತ ಬರೆದರೆ ನೋಟ್‌ನ ಹೆಸರು. ಇರುವುದು ಈ ಮೂರೇ. ದಿನಚರಿ ಬರೆಯುವವರಿಗೆ, ಹಾಲಿನ ಲೆಕ್ಕ ಇಡುವವರಿಗೆ, ಸಂಘದ ಸಭೆಯ ನಡಾವಳಿ ಬರೆಯುವವರಿಗೆ ಇಷ್ಟು ಧಾರಾಳವಾಗಿ ಸಾಕು. ಅಂಥವರು ಈ ವಿಮರ್ಶೆಯ ಉಳಿದ ಭಾಗ ಓದುವ ಮುಂಚೆ ಇದನ್ನೇ ಕೆಲವು ವಾರ ಬಳಸಿ ನೋಡಲಿ ಅನ್ನುವುದು ನನ್ನ ಸಲಹೆ.

ತಾರೀಖು ಯಾವ ರೂಪದಲ್ಲಿ ಬರಬೇಕು ಅಂತಲೂ ಹೇಳಬಹುದು. ಡೇಟ್ ಪದದ ಮುಂದೆ ಎರಡು ಚುಕ್ಕೆ ಇಟ್ಟು ವರ್ಷಕ್ಕೆ ನಾಲ್ಕು ವೈ, ತಿಂಗಳಿಗೆ ಎರಡು ಎಂ, ದಿನಕ್ಕೆ ಎರಡು ಡಿ ಬರೆಯುತ್ತೇವೆ. ಇಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಬಹಳ ದೊಡ್ಡದು. ದೊಡ್ಡ ಎಂ ಎರಡು ಬರೆದರೆ ತಿಂಗಳು, ಚಿಕ್ಕ ಎಂ ಎರಡು ಬರೆದರೆ ನಿಮಿಷ. ದೊಡ್ಡ ಡಿ ಎರಡು ಬರೆದರೆ ತಾರೀಖು, ಚಿಕ್ಕ ಡಿ ಎರಡು ಬರೆದರೆ ವಾರದ ಹೆಸರಿನ ಮೊದಲ ಎರಡಕ್ಷರ. ಬೆಳಿಗ್ಗೆ ಏಳೂ ಹನ್ನೊಂದು ನಿಮಿಷಕ್ಕೆ ಮಾಡಿದ ನೋಟ್‌ನಲ್ಲಿ ತಿಂಗಳ ಜಾಗದಲ್ಲಿ 11 ಬಿದ್ದರೆ ಅದು ನವೆಂಬರ್ ಅಂತಲೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಟೆಂಪ್ಲೇಟ್ ಮಾಡಿದವರು ಅದನ್ನು ಒಂದೇ ದಿನ ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿ ನೋಡಬೇಕು. ನೋಟ್‌ನ ಹೆಸರಿನಲ್ಲಿ ತಾರೀಖು ಬೇಕಿದ್ದರೆ ಓರೆಗೆರೆ ಬೇಡ, ಅಡ್ಡಗೆರೆ ಬಳಸಿ. ಫೈಲ್ ಹೆಸರಿನಲ್ಲಿ ಓರೆಗೆರೆ ನಡೆಯುವುದಿಲ್ಲ.

ನನ್ನ ಕೆಲಸಕ್ಕೆ ಇದು ಸಾಲದಾಗುವುದು ಮುಂದಿನ ದಿನಗಳ ವಿಷಯದಲ್ಲಿ. ಇವತ್ತಿನ ತಾರೀಖು ನನಗೂ ಗೊತ್ತು, ರೈತರಿಗೂ ಗೊತ್ತು. ಬೇಕಾಗಿರುವುದು ಇವತ್ತು ಹುಳು ಕೊಟ್ಟರೆ ಮೂರನೇ ಜ್ವರ ಯಾವತ್ತು, ನಾಲ್ಕನೆಯದು ಯಾವತ್ತು, ಹಣ್ಣಾಗುವುದು ಯಾವತ್ತು ಅನ್ನುವುದು. ಮೂಲ ಸೌಲಭ್ಯ ಇವತ್ತಿಗೆ ನಾಲ್ಕು ದಿನ ಕೂಡಿಸಿ ಹೇಳಲಾರದು. ಟೆಂಪ್ಲೇಟರ್ ಹೇಳುತ್ತದೆ.

ಇದು ಬೇರೆಯವರು ಬರೆದು ಉಚಿತವಾಗಿ ಕೊಟ್ಟಿರುವ ಪ್ಲಗಿನ್. ಇದರಲ್ಲಿ ತಾರೀಖಿನ ಆಜ್ಞೆಗೆ ನಾಲ್ಕು ಸಂಗತಿ ಕೊಡಬಹುದು: ಯಾವ ರೂಪದಲ್ಲಿ ಬರೆಯಬೇಕು, ಎಷ್ಟು ದಿನ ಕೂಡಿಸಬೇಕು, ಯಾವ ದಿನದಿಂದ ಎಣಿಸಬೇಕು, ಆ ದಿನವನ್ನು ನಾವು ಯಾವ ರೂಪದಲ್ಲಿ ಕೊಟ್ಟಿದ್ದೇವೆ. ಮೂರನೆಯದೇ ನನಗೆ ಮುಖ್ಯ. ರೈತರು ಹುಳು ತೆಗೆದುಕೊಂಡು ಹೋದ ಮರುದಿನವೋ ಅದರ ಮರುದಿನವೋ ನಾನು ನೋಟ್ ಮಾಡುವುದೂ ಉಂಟು. ಎಣಿಕೆ ಶುರುವಾಗಬೇಕಾದದ್ದು ಹುಳು ಕೊಟ್ಟ ದಿನದಿಂದ. ಅದನ್ನು ಕೇಳಿ ತಿಳಿದುಕೊಂಡು, ಅಲ್ಲಿಂದ ಕೂಡಿಸಿಕೊಂಡು ಹೋಗುವಂತೆ ಮಾಡಬಹುದು. ತಿಂಗಳ ಕೊನೆ ಬಂದರೆ, ಫೆಬ್ರವರಿ ಬಂದರೆ, ವರ್ಷ ತಿರುಗಿದರೆ ಅದೇ ನೋಡಿಕೊಳ್ಳುತ್ತದೆ.

ದ್ವಿತಳಿ ಅನ್ನುವ ತಳಿಯ ಹುಳುವಿಗೆ ನಾನು ಇಟ್ಟಿರುವ ಅಂಕಿಗಳು ಇವು. ಕೊಟ್ಟ ದಿನದಿಂದ 4ನೇ ದಿನ ಮೂರನೇ ಜ್ವರ, 9ನೇ ದಿನ ನಾಲ್ಕನೇ ಜ್ವರ, 18ನೇ ದಿನದ ಸುತ್ತ ಹಣ್ಣು, ಅಲ್ಲಿಂದ 7 ದಿನಕ್ಕೆ ಗೂಡು ಬಿಡಿಸುವುದು. ನಮ್ಮ ಸುತ್ತಲಿನ ಹುಳು ಮನೆಗಳಿಗೆ ಹೊಂದುವ ಅಂಕಿಗಳಿವು, ನಿಮ್ಮ ಕಡೆ ಬೇರೆ ಇರಬಹುದು. ಹಣ್ಣಾಗುವ ದಿನ ಮೊದಲೇ ಗೊತ್ತಿದ್ದರೆ ಆಗುವ ಉಪಕಾರ ಬಹಳ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲಿನ ಆ ಕೊನೆಯ ವಾರದಲ್ಲೇ ಹೋಗುತ್ತದೆ. ತೋಟದಲ್ಲಿ ಸೊಪ್ಪು ಸಾಲದು ಅನ್ನಿಸಿದರೆ ಪಕ್ಕದವರ ಹತ್ತಿರ ಈಗಲೇ ಮಾತಾಡಬೇಕು. ಹಣ್ಣು ಆರಿಸಲು ಆಳು ಹೇಳಿಡಬೇಕು. ಬಾಡಿಗೆ ಚಂದ್ರಿಕೆಗೂ ಮುಂಚೆಯೇ ಹೇಳಬೇಕು, ಒಂದೇ ಊರಿನಲ್ಲಿ ನಾಲ್ಕು ಮನೆಯ ಹುಳು ಒಟ್ಟಿಗೆ ಹಣ್ಣಾದರೆ ಚಂದ್ರಿಕೆಗೆ ಪರದಾಟ.

ಈಗ ನೋಟ್ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ. 'ಬೆಳೆ' ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಹೊಸ ನೋಟ್ ತೆರೆದರೆ ಈ ಟೆಂಪ್ಲೇಟ್ ತಾನೇ ಓಡಬೇಕು ಅಂತ ಟೆಂಪ್ಲೇಟರ್ ಸೆಟ್ಟಿಂಗ್ಸ್‌ನಲ್ಲಿ ಕಟ್ಟಿದ್ದೇನೆ. ತೆರೆದ ಕೂಡಲೇ ಪರದೆ ಮೇಲೆ ಒಂದೊಂದೇ ಪ್ರಶ್ನೆ ಬರುತ್ತದೆ. ಮೊದಲು ರೈತರ ಪಟ್ಟಿ: ಹೆಸರು ಮುಟ್ಟಿದರೆ ಸಾಕು. ಆಮೇಲೆ ತಳಿ: ದ್ವಿತಳಿಯೋ ಮಿಶ್ರತಳಿಯೋ. ಇಲ್ಲಿ ಮುಟ್ಟಿದ್ದರ ಮೇಲೆ ಎಣಿಕೆಯ ಅಂಕಿಗಳೇ ಬದಲಾಗುತ್ತವೆ. ಆಮೇಲೆ ಎಷ್ಟು ಮೊಟ್ಟೆಯ ಹುಳು, ಲಾಟ್ ನಂಬರ್, ಕೊಟ್ಟ ದಿನ. ಕೊನೆಯ ಉತ್ತರ ಕೊಟ್ಟ ಕೂಡಲೇ ನೋಟ್ ತನಗೆ ತಾನೇ ಹೆಸರಿಟ್ಟುಕೊಂಡು, ದಿನಗಳನ್ನೆಲ್ಲ ತುಂಬಿಕೊಂಡು, ನಾನು ಬರೆಯಬೇಕಾದ ಸಾಲಿನಲ್ಲಿ ಕರ್ಸರ್ ನಿಲ್ಲಿಸಿ ಕಾಯುತ್ತದೆ.

ಈ ಹೆಸರಿನ ಪಟ್ಟಿ ಕನ್ನಡದಲ್ಲಿ ಬರೆಯುವವರಿಗೆ ದೊಡ್ಡ ವರ. ನಮ್ಮ ಕಡೆ ಒಂದೇ ಊರಿನಲ್ಲಿ ನಾಲ್ಕು ಜನ ನಾರಾಯಣಸ್ವಾಮಿ ಇರುತ್ತಾರೆ. ಅದೇ ಹೆಸರನ್ನು ಒಂದು ದಿನ ಕೂಡಿಸಿ, ಇನ್ನೊಂದು ದಿನ ಬಿಡಿಸಿ ಬರೆದರೆ ಹುಡುಕುವಾಗ ಅರ್ಧ ನೋಟ್‌ಗಳೇ ಸಿಗುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. 'ವೆಂಕಟೇಶ್‌' ಥರದ ಅರ್ಧಾಕ್ಷರದ ಹೆಸರಿನಲ್ಲಿ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸಿದರೆ ಈ ತೊಂದರೆ ಬುಡದಲ್ಲೇ ನಿಲ್ಲುತ್ತದೆ. ಪಟ್ಟಿಯನ್ನು ಟೆಂಪ್ಲೇಟ್ ಒಳಗೆ ಬರೆದಿಡಬೇಕಾಗಿಲ್ಲ. 'ರೈತರು' ಫೋಲ್ಡರಿನಲ್ಲಿ ಒಬ್ಬೊಬ್ಬರಿಗೂ ಒಂದು ನೋಟ್ ಇದೆ, ಟೆಂಪ್ಲೇಟರ್ ಆ ಫೋಲ್ಡರಿನ ಫೈಲ್ ಹೆಸರುಗಳನ್ನೇ ಓದಿ ಪಟ್ಟಿ ಮಾಡಿ ತೋರಿಸುತ್ತದೆ. ಹೊಸ ರೈತರು ಬಂದರೆ ಹೆಸರು, ತಂದೆ ಹೆಸರು, ಊರು ಹಾಕಿ ಒಂದು ನೋಟ್ ಮಾಡಿದರೆ ಆಯಿತು, ಮುಂದಿನ ಸಲ ಅವರೂ ಪಟ್ಟಿಯಲ್ಲಿರುತ್ತಾರೆ.

ಲಾಟ್ ನಂಬರ್ ವಿಷಯ ಇನ್ನೂ ದೊಡ್ಡದು. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಬರುವಂಥದ್ದು. ಒಬ್ಬರ ಮನೆಯಲ್ಲಿ ಅನುಮಾನ ಬಂದರೆ ಅದೇ ಲಾಟಿನ ಹುಳು ಇನ್ಯಾರ್‍ಯಾರ ಮನೆಗೆ ಹೋಗಿದೆ ಅನ್ನುವುದು ತಕ್ಷಣ ಗೊತ್ತಾಗಬೇಕು, ಅವರೆಲ್ಲರಿಗೂ ಅವತ್ತೇ ಫೋನ್ ಹೋಗಬೇಕು. ರಿಜಿಸ್ಟರ್‌ನಲ್ಲಾದರೆ ಪುಟ ತಿರುವಿ ಹುಡುಕಬೇಕು. ಇಲ್ಲಿ ಲಾಟ್ ನಂಬರನ್ನು ಟೆಂಪ್ಲೇಟ್ ಎರಡೆರಡು ಚೌಕ ಆವರಣದೊಳಗೆ ಹಾಕುವಂತೆ ಮಾಡಿದ್ದೇನೆ. ಅಬ್ಸಿಡಿಯನ್‌ನಲ್ಲಿ ಹಾಗೆ ಬರೆದದ್ದು ಲಿಂಕ್ ಆಗುತ್ತದೆ. ಆ ನಂಬರ್ ಮುಟ್ಟಿದರೆ ಲಾಟಿನದೇ ಪುಟ ತೆರೆಯುತ್ತದೆ, ಅದಕ್ಕೆ ಲಿಂಕ್ ಆಗಿರುವ ಬೆಳೆಯ ನೋಟ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಇಡೀ ಆಪ್‌ನಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಡುವುದು ಇದೇ. ಲಾಟ್ ನಂಬರ್ ಬರೆಯುವುದು ನನ್ನ ನೆನಪಿಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಹುಳು ಕೊಡುವ ಹೊತ್ತಿಗೆ ಸರಿಯಾಗಿ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ, ಉತ್ತರ ಕೊಡದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಉತ್ತರ ಕೊಡದೆ ಹೋಗದಂತೆ ಮಾಡಲು ಒಂದು ಸಣ್ಣ ಕೆಲಸ ಮಾಡಬೇಕು. ಪ್ರಶ್ನೆಯ ಪೆಟ್ಟಿಗೆಯನ್ನು ಉತ್ತರಿಸದೆ ಮುಚ್ಚಿದರೆ ಟೆಂಪ್ಲೇಟರ್ ಸುಮ್ಮನೆ ಮುಂದುವರಿಯುತ್ತದೆ, ಆ ಜಾಗದಲ್ಲಿ ಇಂಗ್ಲಿಷಿನ 'ನಲ್' ಅನ್ನುವ ಪದ ಬಂದು ಕೂರುತ್ತದೆ. ಮುಚ್ಚಿದರೆ ಅಲ್ಲಿಗೇ ನಿಲ್ಲಿಸು ಅಂತ ಹೇಳುವ ಆಯ್ಕೆಯೊಂದು ಅದೇ ಆಜ್ಞೆಯಲ್ಲಿದೆ, ಅದನ್ನು ಹಾಕಿಕೊಳ್ಳಿ. ತಾರೀಖು ಕೇಳುವ ಪೆಟ್ಟಿಗೆಯಲ್ಲಿ ಇವತ್ತಿನ ತಾರೀಖನ್ನು ಮೊದಲೇ ತುಂಬಿಟ್ಟಿರಬೇಕು. ಯಾವ ರೂಪದಲ್ಲಿ ಬರೆಯಬೇಕು ಅನ್ನುವುದು ಕಣ್ಣೆದುರೇ ಇರುತ್ತದೆ, ಬೇಕಾದರೆ ಒಂದು ಅಂಕಿ ತಿದ್ದಿದರೆ ಸಾಕು. ಅರ್ಥವಾಗದ ರೂಪದಲ್ಲಿ ಬರೆದರೆ ಮುಂದಿನ ದಿನಗಳೆಲ್ಲ 'ಇನ್ವ್ಯಾಲಿಡ್ ಡೇಟ್' ಆಗುತ್ತವೆ.

ಟೆಂಪ್ಲೇಟ್ ಬಗ್ಗೆ ಬರೆಯುವವರು ಎಷ್ಟು ಬೇಗ ಆಗುತ್ತದೆ, ಎಷ್ಟು ಟೈಪಿಂಗ್ ಉಳಿಯುತ್ತದೆ ಅಂತ ಹೇಳುತ್ತಾರೆ. ಯಾವ ಜಾಗವನ್ನು ಯಂತ್ರ ತುಂಬಬಾರದು ಅನ್ನುವುದು ಅದಕ್ಕಿಂತ ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೂರನೇ ಜ್ವರ ಅಂತ ಒಂದು ಸಾಲು, ಅದರ ಮುಂದೆ ಟೆಂಪ್ಲೇಟ್ ಹಾಕಿದ ತಾರೀಖು. ಹದಿನೈದು ದಿನ ಬಿಟ್ಟು ಆ ನೋಟ್ ತೆರೆದರೆ ಆ ತಾರೀಖು ಲೆಕ್ಕದಿಂದ ಬಂದದ್ದೋ, ರೈತರು ಫೋನ್ ಮಾಡಿ "ಅಕ್ಕಾ, ಕೂತವೆ" ಅಂದ ಮೇಲೆ ಬರೆದದ್ದೋ ಹೇಗೆ ಗೊತ್ತಾಗಬೇಕು? ಎರಡೂ ಒಂದೇ ಅಕ್ಷರ, ಒಂದೇ ಅಂಕಿ. ಬೆಳೆ ಕೈಕೊಟ್ಟಾಗ ಜ್ವರ ತಡವಾಗಿತ್ತೇ, ಏಕರೂಪವಾಗಿ ಕೂತಿತ್ತೇ ಅಂತ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಆಗ ಆಗದೇ ಇದ್ದದ್ದು ಆಗಿದೆ ಅಂತ ಬರೆದಿರುವ ನೋಟ್ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಂಥ ನೋಟ್ ಇರುವುದಕ್ಕಿಂತ ಇಲ್ಲದಿರುವುದು ಮೇಲು.

ಅದಕ್ಕೆ ನನ್ನ ಟೆಂಪ್ಲೇಟ್‌ನಲ್ಲಿ ಪ್ರತಿ ಘಟ್ಟಕ್ಕೂ ಎರಡು ಸಾಲು. ಒಂದು 'ಲೆಕ್ಕದ ದಿನ', ಅದನ್ನು ಯಂತ್ರ ತುಂಬುತ್ತದೆ. ಇನ್ನೊಂದು 'ಕಂಡ ದಿನ', ಅದು ಖಾಲಿಯೇ ಹುಟ್ಟುತ್ತದೆ, ನೋಡಿದವರು ಹೇಳಿದ ಮೇಲೆ ನನ್ನ ಕೈಯಿಂದಲೇ ತುಂಬಬೇಕು. ಖಾಲಿ ಇದ್ದರೆ ಖಾಲಿ. ಯಾರೂ ನೋಡಿ ಹೇಳಿಲ್ಲ ಅಂತ ಅರ್ಥ, ಅದೂ ಒಂದು ದಾಖಲೆಯೇ. ಇದೇ ನಿಯಮ ಹುಳು ಮನೆಯ ಉಷ್ಣಾಂಶಕ್ಕೂ. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಇರಬೇಕು, ತೇವಾಂಶ ನೂರಕ್ಕೆ 70ರಿಂದ 75 ಅಂತ ಎಲ್ಲರಿಗೂ ಗೊತ್ತು. ಗೊತ್ತು ಅಂತ ಅದನ್ನೇ ಟೆಂಪ್ಲೇಟ್‌ನಲ್ಲಿ ಬರೆದಿಟ್ಟರೆ ಪ್ರತಿ ಮನೆಯಲ್ಲೂ 25 ಡಿಗ್ರಿಯೇ ಇತ್ತು ಅಂತ ಆಗಿಬಿಡುತ್ತದೆ. ಇರಬೇಕಾದದ್ದನ್ನು ಪ್ರಶ್ನೆಯ ಸಾಲಿನಲ್ಲಿ ತೋರಿಸಿ, ಇದ್ದದ್ದನ್ನು ಬರೆಯಲು ಜಾಗ ಬಿಟ್ಟಿದ್ದೇನೆ. ರೋಗ ತಡೆಯುವ ವಿಜೇತ ಪುಡಿ ಧೂಳೀಕರಿಸಿದ್ದು, ಜ್ವರದ ಹೊತ್ತಿಗೆ ಸುಣ್ಣ ಉದುರಿಸಿದ್ದು, ಇವಕ್ಕೂ ಟಿಕ್ ಹಾಕುವ ಖಾಲಿ ಚೌಕಗಳೇ. ಮೊದಲೇ ಟಿಕ್ ಬಿದ್ದಿರುವ ಚೌಕ ನನ್ನ ಟೆಂಪ್ಲೇಟ್‌ನಲ್ಲಿ ಒಂದೂ ಇಲ್ಲ.

ಚಳಿಗಾಲದಲ್ಲಿ ಈ ಎರಡು ಸಾಲಿನ ಬೆಲೆ ಗೊತ್ತಾಗುತ್ತದೆ. ನಂದಿ ಬೆಟ್ಟದ ಕಡೆ ಬೆಳಿಗ್ಗೆ ಮಂಜು ಕವಿಯುವ ತಿಂಗಳುಗಳಲ್ಲಿ ರಾತ್ರಿ ಹುಳು ಮನೆ ತಣ್ಣಗಾಗುತ್ತದೆ, ಕಾವು ಕೊಡದಿದ್ದರೆ ಜ್ವರ ಒಂದು ದಿನವೋ ಎರಡು ದಿನವೋ ಮುಂದಕ್ಕೆ ಹೋಗುತ್ತದೆ. ಮೂರನೆಯದು ತಡವಾದರೆ ನಾಲ್ಕನೆಯದೂ ತಡ, ಹಣ್ಣೂ ತಡ. ಇಲ್ಲಿ ಟೆಂಪ್ಲೇಟರ್‌ನ ಮಿತಿ ಎದುರಾಗುತ್ತದೆ. ನೋಟ್ ಹುಟ್ಟುವಾಗ ಒಂದೇ ಸಲ ಲೆಕ್ಕ ಹಾಕಿ ಉತ್ತರವನ್ನು ಸಾದಾ ಅಕ್ಷರವಾಗಿ ಬರೆದುಬಿಡುತ್ತದೆ. ಆಮೇಲೆ ಮೂರನೇ ಜ್ವರದ 'ಕಂಡ ದಿನ' ತುಂಬಿದರೂ ಮುಂದಿನ ದಿನಗಳು ತಾವಾಗಿ ಸರಿಯುವುದಿಲ್ಲ. ಕೊಳ್ಳುವ ಮುಂಚೆ, ಅಂದರೆ ಸಮಯ ಹಾಕಿ ಕಲಿಯುವ ಮುಂಚೆ, ಇದನ್ನು ತಿಳಿದಿರಬೇಕು. ಟೆಂಪ್ಲೇಟ್ ತಿದ್ದಿದರೂ ಅಷ್ಟೇ: ಹೊಸ ನೋಟ್‌ಗಳು ಹೊಸ ರೂಪದಲ್ಲಿ ಹುಟ್ಟುತ್ತವೆ, ಹಳೆಯವು ಹಳೆಯ ರೂಪದಲ್ಲೇ ಇರುತ್ತವೆ.

ಸರಿಯುವ ಲೆಕ್ಕ ಬೇಕಾದವರಿಗೆ ಅಬ್ಸಿಡಿಯನ್‌ನಲ್ಲೇ ಬೇಸಸ್ ಅನ್ನುವ ಸೌಲಭ್ಯ 2025ರಲ್ಲಿ ಬಂದಿದೆ. ನೋಟ್‌ಗಳ ತಲೆಯಲ್ಲಿ ಬರೆದಿರುವ ವಿವರಗಳನ್ನು ಪಟ್ಟಿಯಾಗಿ ತೋರಿಸುತ್ತದೆ, ಒಂದು ಕಾಲಂನ ತಾರೀಖಿಗೆ ಇಷ್ಟು ದಿನ ಕೂಡಿಸಿ ಇನ್ನೊಂದು ಕಾಲಂನಲ್ಲಿ ತೋರಿಸು ಅಂತ ಸೂತ್ರ ಕೊಡಬಹುದು. ನಾಲ್ಕನೇ ಜ್ವರದ 'ಕಂಡ ದಿನ' ತುಂಬಿದರೆ ಹಣ್ಣಾಗುವ ದಿನ ಪಟ್ಟಿಯಲ್ಲಿ ತಾನೇ ಬದಲಾಗುತ್ತದೆ. ಇದು ನಡೆಯಬೇಕಾದರೆ ನೋಟ್ ತಲೆಯಲ್ಲಿ ತಾರೀಖು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಡ್ಡಗೆರೆ ಹಾಕಿ ಬರೆದಿರಬೇಕು, ಅಂಕಿಗಳು 1, 2, 3 ರೂಪದಲ್ಲೇ ಇರಬೇಕು. ನಾವು ಓದುವ ದಿನ, ತಿಂಗಳು, ವರ್ಷದ ಕ್ರಮ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಟೆಂಪ್ಲೇಟ್ ಒಂದೇ ದಿನವನ್ನು ಎರಡು ಕಡೆ ಎರಡು ರೂಪದಲ್ಲಿ ಬರೆಯುತ್ತದೆ: ತಲೆಯಲ್ಲಿ ಯಂತ್ರಕ್ಕೆ, ಕೆಳಗೆ ನಮಗೆ.

ವಾರದ ಹೆಸರು ಕನ್ನಡದಲ್ಲಿ ಬರಿಸುವುದು ಅಂದುಕೊಂಡದ್ದಕ್ಕಿಂತ ಸುಲಭ. ಭಾನುವಾರದಿಂದ ಶನಿವಾರದ ತನಕ ಏಳು ಹೆಸರನ್ನು ಟೆಂಪ್ಲೇಟ್ ತಲೆಯಲ್ಲಿ ಒಂದು ಸಾಲಾಗಿ ಬರೆದಿಟ್ಟರೆ ಆಯಿತು. ಯಂತ್ರ ವಾರವನ್ನು ಭಾನುವಾರಕ್ಕೆ 0 ಅಂತ ಶುರುಮಾಡಿ 6ರ ತನಕ ಎಣಿಸುತ್ತದೆ, ಆ ಅಂಕಿಗೆ ಸರಿಯಾದ ಹೆಸರನ್ನು ಸಾಲಿನಿಂದ ಎತ್ತಿಕೊಳ್ಳುತ್ತದೆ. ಫೋನಿನಲ್ಲಿ "ಹದಿನಾರನೇ ತಾರೀಖು" ಅಂದರೆ ರೈತರು ಒಂದು ಕ್ಷಣ ಯೋಚಿಸುತ್ತಾರೆ, "ಬರೋ ಗುರುವಾರ" ಅಂದರೆ ತಟ್ಟನೆ ಗೊತ್ತಾಗುತ್ತದೆ.

ಕಲಿಯುವುದು ಸುಲಭವೇ ಅಂತ ಕೇಳಿದರೆ, ಟೆಂಪ್ಲೇಟರ್‌ನಲ್ಲಿ ಪ್ರಶ್ನೆ, ಪಟ್ಟಿ, ಎಣಿಕೆ ಇವೆಲ್ಲ ಬೇಕಾದರೆ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಂ ಭಾಷೆಯ ಸಾಲುಗಳನ್ನು ಮುಟ್ಟಲೇಬೇಕು. ನಮ್ಮ ತಂಗಿ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಓದುತ್ತಾನೆ, ಹಬ್ಬಕ್ಕೆ ಬಂದಾಗ ಮೊದಲ ರೂಪ ಅವನೇ ಕೂತು ಬರೆದುಕೊಟ್ಟ. ಆಮೇಲಿನ ತಿದ್ದುಪಡಿ ನಾನೇ ಮಾಡಿಕೊಳ್ಳುತ್ತಿದ್ದೇನೆ. ಬರೆದಿರುವುದನ್ನು ನಿಧಾನವಾಗಿ ಓದಿದರೆ ಯಾವ ಅಂಕಿ ಎಲ್ಲಿದೆ ಅನ್ನುವುದು ತಿಳಿಯುತ್ತದೆ. ಒಂದು ಆವರಣ ಬಿಟ್ಟುಹೋದರೂ ಇಡೀ ಟೆಂಪ್ಲೇಟ್ ನಿಲ್ಲುತ್ತದೆ, ಎಲ್ಲಿ ತಪ್ಪಿದೆ ಅನ್ನುವುದು ಫೋನಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ತಯಾರಿ ಲ್ಯಾಪ್‌ಟಾಪಿನಲ್ಲಿ, ಬಳಕೆ ಫೋನಿನಲ್ಲಿ ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಎಚ್ಚರಿಕೆಯ ಮಾತೊಂದು ಹೇಳಲೇಬೇಕು. ಹೊರಗಿನವರ ಪ್ಲಗಿನ್ ಹಾಕಬೇಕಾದರೆ ಅಬ್ಸಿಡಿಯನ್‌ನ ನಿರ್ಬಂಧಿತ ಸ್ಥಿತಿಯನ್ನು ನಾವೇ ತೆಗೆಯಬೇಕು. ಟೆಂಪ್ಲೇಟರ್ ಬರೀ ತಾರೀಖು ತುಂಬುವ ಸಾಧನವಲ್ಲ, ಟೆಂಪ್ಲೇಟ್‌ನಲ್ಲಿ ಬರೆದ ಪ್ರೋಗ್ರಾಂ ಸಾಲನ್ನು ಅದು ನಿಜವಾಗಿಯೂ ಓಡಿಸುತ್ತದೆ. ಕಂಪ್ಯೂಟರಿನ ಆಜ್ಞೆಗಳನ್ನು ಓಡಿಸುವ ಆಯ್ಕೆಯೂ ಅದರಲ್ಲಿದೆ, ನನಗೆ ಅದರ ಕೆಲಸವಿಲ್ಲ, ಮುಚ್ಚಿಟ್ಟಿದ್ದೇನೆ. ಯಾರೋ ಕಳಿಸಿದ ಟೆಂಪ್ಲೇಟನ್ನು ಓದದೆ, ಅರ್ಥ ಮಾಡಿಕೊಳ್ಳದೆ ಹಾಕಿಕೊಳ್ಳಬೇಡಿ. ರೈತರ ಫೋನ್ ನಂಬರ್, ದುಡ್ಡಿನ ಲೆಕ್ಕ ಇರುವ ಜಾಗ ಅದು.

ಪ್ರೋಗ್ರಾಂ ಸಾಲುಗಳೇ ಬೇಡ ಅನ್ನುವವರು ಜಾಪ್ಲಿನ್ ಅನ್ನುವ ಇನ್ನೊಂದು ಉಚಿತ ಆಪ್‌ನ ಟೆಂಪ್ಲೇಟ್ಸ್ ಪ್ಲಗಿನ್ ನೋಡಬಹುದು. ಅಲ್ಲಿ ಯಾವ ಜಾಗದಲ್ಲಿ ಪಠ್ಯ, ಯಾವುದರಲ್ಲಿ ಸಂಖ್ಯೆ, ಯಾವುದರಲ್ಲಿ ತಾರೀಖು, ಯಾವುದು ಪಟ್ಟಿಯಿಂದ ಆರಿಸುವಂಥದ್ದು ಅಂತ ಟೆಂಪ್ಲೇಟ್ ತಲೆಯಲ್ಲಿ ಹೆಸರಿಸಿದರೆ ಸಾಕು, ಎಲ್ಲ ಪ್ರಶ್ನೆಗಳೂ ಒಂದೇ ಫಾರಂ ಆಗಿ ಒಟ್ಟಿಗೆ ಬರುತ್ತವೆ. ತಾರೀಖಿಗೆ ದಿನ ಕೂಡಿಸುವುದೂ ಅದರಲ್ಲಿದೆ. ನನಗೆ ಲಾಟ್ ನಂಬರಿನ ಲಿಂಕ್, ಫೋಲ್ಡರಿನಿಂದ ಬರುವ ರೈತರ ಪಟ್ಟಿ ಎರಡೂ ಬೇಕಾದ್ದರಿಂದ ಅಬ್ಸಿಡಿಯನ್‌ನಲ್ಲೇ ಉಳಿದೆ. ಐದಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ, ಮೊದಲ ಸಲ ಕಟ್ಟುವಾಗ ಬಲ್ಲವರ ನೆರವು ಬೇಕಾಗುವುದಕ್ಕೆ.

ಇತ್ತೀಚೆಗೆ ಟೆಂಪ್ಲೇಟ್‌ನ ಕೊನೆಗೆ ಇನ್ನೊಂದು ತುಂಡು ಸೇರಿಸಿದ್ದೇನೆ. ಅದು ರೈತರಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಮಾತು, ಹೆಸರು ಮತ್ತು ದಿನ ತುಂಬಿಕೊಂಡು ಸಿದ್ಧವಾಗಿರುತ್ತದೆ, ಕಾಪಿ ಮಾಡಿ ಕಳಿಸಿದರೆ ಆಯಿತು. ಅದರಲ್ಲಿ 'ಸುಮಾರು' ಅನ್ನುವ ಪದವನ್ನೂ, ನೋಡಿ ಹೇಳಿ ಅನ್ನುವ ಮಾತನ್ನೂ ಯಾವ ಬೆಳೆಗೂ ಬದಲಾಗದಂತೆ ಟೆಂಪ್ಲೇಟ್ ಒಳಗೇ ಬರೆದಿದ್ದೇನೆ. ಮಾತು ಹೀಗಿದೆ: "ಅಣ್ಣ, ನಮಸ್ಕಾರ. ನಿಮ್ಮ ಹುಳು ಸುಮಾರು ಗುರುವಾರ ಮೂರನೇ ಜ್ವರಕ್ಕೆ ಕೂರಬಹುದು. ಹುಳು ಕೂರುತ್ತಾ ಬಂದ ಹಾಗೆ ಸೊಪ್ಪು ಕಡಿಮೆ ಮಾಡಿ, ಪೂರ್ತಿ ಕೂತ ಮೇಲೆ ಸುಣ್ಣ ಉದುರಿಸಿ. ಎಲ್ಲ ಎದ್ದ ಮೇಲೆ ವಿಜೇತ ಹಾಕಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ. ಯಾವತ್ತು ಕೂತವು, ಯಾವತ್ತು ಎದ್ದವು ಅಂತ ನೋಡಿ ಒಂದು ಫೋನ್ ಮಾಡಿ." ಅವರು ಫೋನ್ ಮಾಡಿದ ದಿನ ಖಾಲಿ ಸಾಲು ತುಂಬುತ್ತೇನೆ.